ಸಂಪಿಗೆ ರಸ್ತೆಯಿಂದ ರೇಷ್ಮೆ ಸಂಸ್ಥೆಗೆ

ಬೆಂಗಳೂರನ್ನು ನೋಡಬಂದವರು ಲಾಲ್‌ಬಾಗನ್ನೂ ವಿಧಾನಸೌಧವನ್ನೂ ನೋಡಿ, ಊರು ಚೆನ್ನಾಗಿದೆಯೆಂದು ಹೇಳಿ ಹಿಂತಿರುಗುತ್ತಾರೆ. ಈ ಊರಿನವರು ಎಲ್ಲಿ ಮಲಗುತ್ತಾರೆ, ಮಲಗಿದವರಿಗೆ ನಿದ್ರೆ ಹೇಗೆ ಬರುತ್ತದೆ ಎಂಬುದನ್ನು ಪ್ರವಾಸಿಗಳು ಕೇಳುವುದಿಲ್ಲ. ಅದನ್ನೂ ನೋಡಬೇಕೆಂಬ ಕುತೂಹಲವುಳ್ಳವನಿಗೆ ಒಂದು ಸುಲಭವಾದ ದಾರಿಯುಂಟು. ಮಲ್ಲೇಶ್ವರದ ಅಂಚಿನಲ್ಲಿರುವ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಮೆಟ್ರೊ ರೈಲಿನ ಹಸಿರು ಮಾರ್ಗದ ಗಾಡಿಯನ್ನು ಹತ್ತಿ, ದಕ್ಷಿಣದ ಕೊನೆಯ ನಿಲ್ದಾಣವಾದ ರೇಷ್ಮೆ ಸಂಸ್ಥೆಯಲ್ಲಿ ಇಳಿಯುವುದು. ಎರಡನ್ನೂ ಸೇರಿಸಿ ಎಣಿಸಿದರೆ ಹದಿನೇಳು ನಿಲ್ದಾಣಗಳು. ಮುಕ್ಕಾಲು ಗಂಟೆಯೊಳಗಿನ ಪ್ರಯಾಣ. ಅಷ್ಟರಲ್ಲಿ ನೂರಮೂವತ್ತು ವರ್ಷಗಳ ಗೃಹನಿರ್ಮಾಣದ ಕಥೆ ಕಿಟಕಿಯ ಹೊರಗೆ ಹಾದುಹೋಗುತ್ತದೆ. ಮನೆ ನಿಲ್ಲುವುದು ಕಲ್ಲಿನ ಅಡಿಪಾಯದ ಮೇಲೆ ಮಾತ್ರವಲ್ಲ, ಪತ್ರದ ಅಡಿಪಾಯದ ಮೇಲೂ ಎಂಬುದು ಈ ದಾರಿಯಲ್ಲಿ ಕಣ್ಣಿಗೆ ಕಾಣುವಂತೆ ಮತ್ತೆಲ್ಲಿಯೂ ಕಾಣದು.

ಗಾಡಿ ಹೊರಡುವ ಮುನ್ನ ಮಲ್ಲೇಶ್ವರದಲ್ಲಿ ಅರ್ಧ ಗಂಟೆ ಅಡ್ಡಾಡುವುದು ಒಳ್ಳೆಯದು. ಕಾಡು ಮಲ್ಲೇಶ್ವರನ ಗುಡಿಯಿಂದ ಹೆಸರನ್ನು ಪಡೆದ ಈ ಬಡಾವಣೆಯಲ್ಲಿ ರಸ್ತೆಗಳು ನೂಲು ಹಿಡಿದಂತೆ ನೇರವಾಗಿವೆ; ಅಡ್ಡರಸ್ತೆಗಳು ಅವುಗಳನ್ನು ಸಮಕೋನದಲ್ಲಿ ದಾಟುತ್ತವೆ. ಹಳೆಯ ಮನೆಗಳು ಉಳಿದಿರುವೆಡೆಯಲ್ಲಿ ಹೆಂಚಿನ ಮಾಡು, ಮರದ ಜಾಲರಿಯ ಮುಂಗಟ್ಟು, ಹಿತ್ತಲಿನಲ್ಲಿ ಒಂದು ಮಾವು, ಎರಡು ತೆಂಗು. ಮನೆಗಳ ಬೆನ್ನಿಗೆ ಕಿರಿದಾದ ಓಣಿಯೊಂದು ಹಾಯುತ್ತದೆ. ಇಂದು ಅಲ್ಲಿ ಸ್ಕೂಟರುಗಳನ್ನು ನಿಲ್ಲಿಸಿರುತ್ತಾರೆ; ಹಿಂದೆ ಅದು ಮನೆಯ ಹೊಲಸನ್ನು ಮುಂಬಾಗಿಲಿಗೆ ತಾರದೆ ಹಿಂದಿನಿಂದಲೇ ಸಾಗಿಸಲು ಬಿಟ್ಟ ದಾರಿ. ಅದಕ್ಕೆ ಕನ್ಸರ್ವೆನ್ಸಿ ಓಣಿ ಎಂಬ ಹೆಸರು ಹಳಬರ ಬಾಯಲ್ಲಿ ಇನ್ನೂ ಉಂಟು. ಆ ಓಣಿಯನ್ನು ಮನೆ ಕಟ್ಟಿದವರು ಬಿಟ್ಟುದಲ್ಲ. ಮನೆಗಳು ಏಳುವುದಕ್ಕೆ ಮೊದಲೇ ಅದು ನಕ್ಷೆಯಲ್ಲಿ ಇದ್ದಿತು.

ಸಂಪಿಗೆ ರಸ್ತೆಯನ್ನು ಬಿಟ್ಟ ಗಾಡಿ ಸ್ವಲ್ಪ ದೂರದಲ್ಲಿಯೇ ನೆಲದೊಳಕ್ಕೆ ಇಳಿಯುತ್ತದೆ. ಮೆಜೆಸ್ಟಿಕ್, ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ - ಈ ಮೂರು ನಿಲ್ದಾಣಗಳೂ ಪಾತಾಳದಲ್ಲಿವೆ. ತಲೆಯ ಮೇಲೆ ಇರುವುದು ಕೆಂಪೇಗೌಡನು 1537ರಲ್ಲಿ ಕಟ್ಟಿಸಿದನೆಂದು ಹೇಳುವ ಹಳೆಯ ಪೇಟೆ. 1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕಾಗ, ಗೋಡೆಗೆ ಗೋಡೆ ತಾಗಿದ, ಗಾಳಿಬೆಳಕು ಕಾಣದ ಈ ಓಣಿಗಳಲ್ಲಿ ಸಾವು ಮನೆಯಿಂದ ಮನೆಗೆ ದಾಟಿತು. ಜನ ಬೀಗ ಹಾಕಿಕೊಂಡು ಊರ ಹೊರಗಿನ ಗುಡಿಸಲುಗಳಿಗೆ ಓಡಿದರು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲ ಅದು; ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರಾಗಿ ದುಡಿದರು. ಮಲ್ಲೇಶ್ವರ, ಬಸವನಗುಡಿಗಳ ಯೋಜನೆ 1892ರಷ್ಟು ಹಿಂದೆಯೇ ಹೊರಟಿದ್ದರೂ, ಹಳೆಯ ಪೇಟೆಯನ್ನು ಬಿಡಲೊಲ್ಲದ ಜನರನ್ನು ಹೊಸ ಬಡಾವಣೆಗೆ ಅಟ್ಟಿದುದು ಪ್ಲೇಗಿನ ಭಯವೇ.

ಮಾರುಕಟ್ಟೆಯನ್ನು ದಾಟಿದ ಕೂಡಲೆ ಗಾಡಿ ಮೇಲಕ್ಕೆ ಏರಿ, ನ್ಯಾಷನಲ್ ಕಾಲೇಜಿನ ಬಳಿ ಬೆಳಕಿಗೆ ಬರುತ್ತದೆ. ಪೇಟೆಯ ಕತ್ತಲೆಯಿಂದ ಬಸವನಗುಡಿಯ ಬಿಸಿಲಿಗೆ ಬರುವ ಈ ಒಂದು ನಿಮಿಷ, ಪ್ಲೇಗಿನ ಕಾಲದವರು ಹಲವು ವರ್ಷಗಳಲ್ಲಿ ಮಾಡಿದ ಪ್ರಯಾಣ. ಇಲ್ಲಿಯೂ ಮಲ್ಲೇಶ್ವರದಂತೆಯೇ ಸರ್ಕಾರವು ಮೊದಲು ಭೂಮಿಯನ್ನು ಪಡೆದು, ಅಳೆದು, ರಸ್ತೆ ಚರಂಡಿಗಳನ್ನು ಹಾಕಿ, ಆಮೇಲೆ ನಿವೇಶನಗಳನ್ನು ಕೊಟ್ಟಿತು. ಯಾವ ಭಾಗ ಯಾವ ಕೋಮಿನವರಿಗೆ ಎಂಬ ವಿಂಗಡಣೆಯೂ ಆಗಿನ ಏರ್ಪಾಡಿನಲ್ಲಿ ಇದ್ದಿತೆಂಬುದನ್ನು ಮರೆಯಲಾಗದು. ಬೀದಿಗಳು ಅಗಲವಾದಷ್ಟು ಬೇಗ ಮನಸ್ಸುಗಳು ಅಗಲವಾಗಲಿಲ್ಲ. ಆದರೂ ಅಲ್ಲಿ ನಿವೇಶನ ಪಡೆದವನ ಮೊಮ್ಮಕ್ಕಳು ಇಂದಿಗೂ ಪೆಟ್ಟಿಗೆಯಿಂದ ಮೂಲಪತ್ರವನ್ನು ತೆಗೆದು ತೋರಿಸಬಲ್ಲರು. ಅಣ್ಣತಮ್ಮಂದಿರ ಪಾಲಿನ ಜಗಳ ಇದ್ದೀತು. ಮನೆಯ ಕೆಳಗಿನ ಭೂಮಿ ಯಾರದೆಂಬ ಜಗಳ ಇಲ್ಲ.

ಲಾಲ್‌ಬಾಗಿನ ಮಗ್ಗುಲಲ್ಲಿ ಸಾಗಿ, ಸೌತ್ ಎಂಡ್ ವೃತ್ತವನ್ನು ದಾಟಿದರೆ ಜಯನಗರ. ಬೆಂಗಳೂರು ನಗರ ಸುಧಾರಣಾ ಮಂಡಳಿಯನ್ನು 1945ರ ಕಾಯಿದೆಯು ಹುಟ್ಟಿಸಿತು. ಮೂರು ವರ್ಷಗಳ ತರುವಾಯ, 1948ರಲ್ಲಿ, ಗವರ್ನರ್ ಜನರಲ್ ಆಗಿದ್ದ ರಾಜಗೋಪಾಲಾಚಾರಿಯವರು ಜಯನಗರಕ್ಕೆ ಅಡಿಗಲ್ಲನ್ನಿಟ್ಟರು. ಅದರ ನೆನಪಾಗಿ ಅಶೋಕ ಸ್ತಂಭವು ಲಾಲ್‌ಬಾಗಿನ ದಕ್ಷಿಣಕ್ಕೆ ನಿಂತಿದೆ. ಬ್ಲಾಕುಗಳು, ಮೇನುಗಳು, ಕ್ರಾಸುಗಳು ಎಂದು ಲೆಕ್ಕದ ಪುಸ್ತಕದಂತೆ ಹರಡಿಕೊಂಡ ಈ ಬಡಾವಣೆಯಲ್ಲಿ ಗುಮಾಸ್ತರೂ ಉಪಾಧ್ಯಾಯರೂ ಕಾರ್ಖಾನೆಯ ಫೋರ್ಮನ್ನರೂ ಅರ್ಜಿ ಹಾಕಿ ನಿವೇಶನವನ್ನು ಪಡೆದರು. ಸುಧಾರಣಾ ಮಂಡಳಿಯ ಜಾಗಕ್ಕೆ 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಿತು. ನಿವೇಶನ ಸಿಕ್ಕವನ ಕೈಗೆ ಒಡನೆಯೇ ಕ್ರಯಪತ್ರ ಬರುತ್ತಿರಲಿಲ್ಲ. ಮೊದಲು ಲೀಸ್ ಕಮ್ ಸೇಲ್ ಕರಾರು; ಗೊತ್ತುಪಡಿಸಿದ ಅವಧಿಯಲ್ಲಿ ಮನೆ ಕಟ್ಟಬೇಕು; ಹತ್ತು ವರ್ಷ ನಿವೇಶನವನ್ನು ಮಾರಬಾರದು; ಅದೆಲ್ಲ ಮುಗಿದ ಮೇಲೆ ಶುದ್ಧ ಕ್ರಯಪತ್ರ. ಆ ಹತ್ತು ವರ್ಷಗಳನ್ನು ಶಪಿಸದ ಗೃಹಸ್ಥನಿರಲಾರನು. ಆದರೆ ಆ ಶಿಸ್ತಿನ ಕಾಗದವೊಂದು ಕೈಯಲ್ಲಿದ್ದರೆ ಯಾವ ಬ್ಯಾಂಕಾದರೂ ಕುರ್ಚಿ ಕೊಟ್ಟು ಮಾತನಾಡಿಸುತ್ತದೆ.

ಸರ್ಕಾರಿ ಸಂಸ್ಥೆಯಿಂದ ಪಡೆದುದೆಲ್ಲ ನಿಶ್ಚಿಂತೆಯೆಂದು ಇದರ ಅರ್ಥವಲ್ಲ. ಊರಿನ ಉತ್ತರಕ್ಕೆ ಅರ್ಕಾವತಿ ಬಡಾವಣೆಯೊಂದುಂಟು. 2003ರಲ್ಲಿ ಅದಕ್ಕಾಗಿ ಹದಿನಾರು ಗ್ರಾಮಗಳ ಭೂಮಿಗೆ ಅಧಿಸೂಚನೆ ಹೊರಟಿತು. ರೈತರು ನ್ಯಾಯಾಲಯಕ್ಕೆ ಹೋದರು. ವ್ಯಾಜ್ಯವು 2010ರಲ್ಲಿ ಸುಪ್ರೀಂ ಕೋರ್ಟಿನವರೆಗೂ ನಡೆಯಿತು. ಭೂಮಿಯನ್ನು ಬಿಟ್ಟುಕೊಟ್ಟ ಬಗೆಯ ಮೇಲೆ ವಿಚಾರಣಾ ಆಯೋಗವೂ ಕುಳಿತಿತು. ಹಣ ಕಟ್ಟಿ ಹಂಚಿಕೆಯ ಪತ್ರವನ್ನು ಪಡೆದವರಲ್ಲಿ ಅನೇಕರು ವರ್ಷಗಟ್ಟಲೆ ನಿವೇಶನದ ಮುಖವನ್ನು ಕಾಣದೆ ಕಛೇರಿಯ ಮೆಟ್ಟಿಲುಗಳನ್ನು ಮಾತ್ರ ಕಂಡರು. ಪತ್ರವಿದ್ದೂ ಭೂಮಿಯಿಲ್ಲದವರ ಪಾಡು ಅದು. ಗಾಡಿ ಈಗ ಹೋಗುತ್ತಿರುವುದು ಭೂಮಿಯಿದ್ದೂ ಪತ್ರವಿಲ್ಲದವರ ಸೀಮೆಗೆ.

ಬನಶಂಕರಿಯಿಂದ ಮುಂದಕ್ಕೆ ರೈಲಿನ ಕಂಬಗಳು ಕನಕಪುರ ರಸ್ತೆಯ ನಡುವೆಯೇ ಸಾಲಾಗಿ ನಡೆಯುತ್ತವೆ. ಜಯಪ್ರಕಾಶ ನಗರವಾದ ಮೇಲೆ ಯಲಚೇನಹಳ್ಳಿ. 2021ರ ಜನವರಿಯವರೆಗೂ ಗಾಡಿ ಇಲ್ಲಿಗೇ ನಿಲ್ಲುತ್ತಿತ್ತು. ಅಲ್ಲಿಂದಾಚೆಗೆ ಕೋಣನಕುಂಟೆ, ದೊಡ್ಡಕಲ್ಲಸಂದ್ರ, ವಾಜರಹಳ್ಳಿ, ತಲಘಟ್ಟಪುರ. ಹೆಸರುಗಳೇ ಹೇಳುವಂತೆ ಇವು ಹಳ್ಳಿಗಳು. ಎತ್ತರದ ಗಾಡಿಯಿಂದ ಕೆಳಗೆ ನೋಡಿದರೆ ನೇರವಾದ ಬೀದಿಗಳ ಬಡಾವಣೆಗಳೂ ಇವೆ, ಬೇರೊಂದು ಬಗೆಯ ಬೀದಿಗಳೂ ಇವೆ. ಒಂದು ಬೀದಿ ಇಪ್ಪತ್ತು ಮನೆಗಳ ವರೆಗೆ ಚೆನ್ನಾಗಿ ಹೋಗಿ, ಕಾರಣವಿಲ್ಲದೆ ಎಡಕ್ಕೆ ಬಾಗುತ್ತದೆ. ಮತ್ತೊಂದು ಒಂದು ಗೋಡೆಗೆ ಬಂದು ಮುಗಿದುಹೋಗುತ್ತದೆ. ಗೋಡೆಯಾಚೆ ಇನ್ನೊಂದು ಬೀದಿ, ಇದಕ್ಕೂ ಅದಕ್ಕೂ ಎರಡು ಮೊಳದ ಅಂತರ, ದಾಟುವ ದಾರಿಯಿಲ್ಲ. ಕಾರಣವಿಲ್ಲದೆ ಎಂದುದು ಸರಿಯಲ್ಲ. ಬೀದಿ ಬಾಗುವೆಡೆಯಲ್ಲಿ ಹಿಂದೆ ರಾಗಿ ಹೊಲದ ಬದು ಬಾಗಿದ್ದಿತು. ಬೀದಿ ಮುಗಿಯುವೆಡೆಯಲ್ಲಿ ಒಂದು ಸರ್ವೆ ನಂಬರು ಮುಗಿದಿದ್ದಿತು. ರೈತನ ಪಹಣಿಯೇ ಇಲ್ಲಿ ನಗರದ ನಕ್ಷೆಯಾಗಿದೆ.

ಇವನ್ನು ಜನ ರೆವಿನ್ಯೂ ಲೇಔಟ್ ಎಂದು ಕರೆಯುತ್ತಾರೆ. ವ್ಯವಸಾಯದ ಭೂಮಿಯನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ 1964ರ ಭೂಕಂದಾಯ ಕಾಯಿದೆಯಂತೆ ಜಿಲ್ಲಾಧಿಕಾರಿಯಿಂದ ಪರಿವರ್ತನೆಯ ಆಜ್ಞೆ ಪಡೆಯಬೇಕು. ಬಡಾವಣೆ ಮಾಡಬೇಕಾದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ನಕ್ಷೆಗೆ ಒಪ್ಪಿಗೆ ಪಡೆದು, ರಸ್ತೆಗೂ ಉದ್ಯಾನಕ್ಕೂ ಜಾಗ ಬಿಡಬೇಕು. ಇವೆರಡನ್ನೂ ಬಿಟ್ಟು, ಎರಡೆಕರೆ ಭೂಮಿಯನ್ನು ಸುಣ್ಣದ ಗೆರೆಯಿಂದ ವಿಂಗಡಿಸಿ, ಮೂವತ್ತು ನಲವತ್ತರ ತುಂಡುಗಳಾಗಿ ಮಾರುವುದು ಸುಲಭ. ಬೆಲೆಯೂ ಕಡಮೆ. ಮಾರಿದವನು ಹೊರಟುಹೋಗುತ್ತಾನೆ, ಕೊಂಡವನು ಉಳಿಯುತ್ತಾನೆ.

ಕೊಂಡವನು ಮೋಸಗಾರನಲ್ಲ, ಮೂರ್ಖನೂ ಅಲ್ಲ. ಪ್ರಾಧಿಕಾರದ ನಿವೇಶನಕ್ಕೆ ಮೂರು ನಾಲ್ಕು ಬಾರಿ ಅರ್ಜಿ ಹಾಕಿ ನಿರಾಶನಾದವನು ಅವನು. ಹೆಂಡತಿಯ ಒಡವೆಯನ್ನೂ ಭವಿಷ್ಯನಿಧಿಯ ಸಾಲವನ್ನೂ ಸೇರಿಸಿ ನಿವೇಶನ ಕೊಂಡನು. ಉಪನೋಂದಣಾಧಿಕಾರಿಯ ಕಛೇರಿಯಲ್ಲಿ ಮುದ್ರಾಂಕ ಶುಲ್ಕವನ್ನು ಪೂರ್ತಿ ತೆತ್ತು ಕ್ರಯಪತ್ರವನ್ನು ನೋಂದಾಯಿಸಿದನು. ಪಂಚಾಯಿತಿಯವರು ಖಾತೆ ಬರೆದುಕೊಂಡು ಕಂದಾಯ ಕಟ್ಟಿಸಿಕೊಂಡರು. ವಿದ್ಯುಚ್ಛಕ್ತಿಯವರು ಮೀಟರು ಹಾಕಿಕೊಟ್ಟರು. ಇಷ್ಟು ಜನ ಹಣ ಪಡೆದು ರಸೀದಿ ಕೊಟ್ಟ ಮೇಲೆ ಮನೆ ತನ್ನದೆಂದು ಅವನು ನಂಬಿದನು. 1908ರ ನೋಂದಣಿ ಕಾಯಿದೆಯು ಪತ್ರವನ್ನು ದಾಖಲಿಸುವುದಕ್ಕೆ ಹುಟ್ಟಿದುದು. ಮಾರುವವನಿಗೆ ಹಕ್ಕುಂಟೋ ಇಲ್ಲವೋ ಎಂದು ತೀರ್ಪು ಕೊಡುವುದಕ್ಕಲ್ಲ ಎಂಬುದನ್ನು ಅವನಿಗೆ ಆಗ ಯಾರೂ ಹೇಳಲಿಲ್ಲ. ಬರಿಯ ಮುಖ್ತ್ಯಾರ್‌ನಾಮೆಯ ಮೇಲೆ ಮಾಡಿದ ಮಾರಾಟದಿಂದ ಹಕ್ಕು ವರ್ಗವಾಗದೆಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟವಾಗಿ ಹೇಳಿತು. ಅಷ್ಟರಲ್ಲಿ ಇಂಥ ಕಾಗದದ ಮೇಲೆ ಎಷ್ಟೋ ಮನೆಗಳು ಎರಡನೆಯ ಮಹಡಿ ಏರಿದ್ದವು.

ಉಪನೋಂದಣಾಧಿಕಾರಿಯ ಕಛೇರಿಗಳ ಹೊರಗೆ, ಪತ್ರ ಬರೆಯುವವರ ಮೇಜಿನೆದುರು, ಒಂದು ಸಂಭಾಷಣೆ ದಿನವೂ ನಡೆಯುತ್ತದೆ.

"ಸ್ವಾಮಿ, ಖಾತೆ ಇದೆಯಲ್ಲ, ಇನ್ನೇನು ತೊಂದರೆ?"

"ಯಾವ ಖಾತೆ ಯಜಮಾನರೆ? ಎ ಖಾತೆಯೋ, ಬಿ ಖಾತೆಯೋ?"

"ಬಿ ಅಂತ ಬರೆದಿದ್ದಾರೆ."

"ಹಾಗಾದರೆ ನೀವು ಕಂದಾಯ ಕಟ್ಟುತ್ತಿದ್ದೀರಿ ಅಂತ ಅಷ್ಟೇ ಅರ್ಥ. ಎ ಆದರೂ ಖಾತೆ ಅನ್ನೋದು ಕಂದಾಯಕ್ಕೆ. ಹಕ್ಕಿಗೆ ಕ್ರಯಪತ್ರ, ಅದರ ಹಿಂದಿನ ಮೂಲಪತ್ರ. ಋಣಭಾರ ಪತ್ರ ತೆಗೆಸಿದ್ದೀರಾ?"

2007ರಲ್ಲಿ 7 ನಗರಸಭೆಗಳೂ ಒಂದು ಪುರಸಭೆಯೂ 110 ಗ್ರಾಮಗಳೂ ಹಳೆಯ ಪಾಲಿಕೆಯೊಡನೆ ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾದಾಗ, ನಿಯಮ ತಪ್ಪಿದ ಸ್ವತ್ತುಗಳಿಂದ ಕಂದಾಯವನ್ನೇನೋ ಪಡೆಯಬೇಕು, ಅವನ್ನು ಒಪ್ಪಿಕೊಂಡಂತೆ ಆಗಬಾರದು ಎಂಬ ಇಕ್ಕಟ್ಟು ಬಂದಿತು. ಅದಕ್ಕೆ ಕಂಡುಕೊಂಡ ಉಪಾಯವೇ ಬಿ ವಹಿ. ಒಂದು ಕೈಯಿಂದ ಹಣ ಪಡೆದು ಇನ್ನೊಂದು ಕೈಯಿಂದ ತಳ್ಳುವ ಈ ವಹಿಯ ಜಾಣತನವನ್ನು ಮೆಚ್ಚಬೇಕೋ ಮರುಗಬೇಕೋ ತಿಳಿಯದು. ಬಿ ವಹಿಯಲ್ಲಿರುವವನಿಗೆ ಕಟ್ಟಡದ ನಕ್ಷೆ ಮಂಜೂರಾಗದು. ದೊಡ್ಡ ಬ್ಯಾಂಕುಗಳು ಸಾಲ ಕೊಡಲು ಹಿಂಜರಿಯುತ್ತವೆ. ಮಗಳ ಮದುವೆಗೆಂದು ಮಾರಹೊರಟರೆ ಕೊಳ್ಳುವವನು ಬೆಲೆಯನ್ನು ತಗ್ಗಿಸುತ್ತಾನೆ.

ಇದನ್ನು ಸರಿಪಡಿಸಲು ಸರ್ಕಾರ ಪ್ರಯತ್ನ ಮಾಡದೆ ಇಲ್ಲ. ಅಕ್ರಮ ಸಕ್ರಮವೆಂಬ ಹೆಸರಿನಿಂದ ಎಲ್ಲರಿಗೂ ತಿಳಿದ ನಿಯಮಗಳು 2007ರಲ್ಲಿ ಬಂದವು; 2014ರಲ್ಲಿ ಹೊಸ ರೂಪ ತಾಳಿದವು. ವಾಸದ ಮನೆಯಲ್ಲಿ ಉಲ್ಲಂಘನೆ ನೂರಕ್ಕೆ 50ರೊಳಗಿದ್ದರೆ ದಂಡ ಕಟ್ಟಿ ಸಕ್ರಮ ಮಾಡಿಕೊಳ್ಳಬಹುದಾಗಿತ್ತು. ನಿಯಮ ಪಾಲಿಸಿದವನು ಪೆದ್ದನೆನಿಸಿ, ಮುರಿದವನು ಗೆದ್ದಂತಾಗುವುದಿಲ್ಲವೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಹೈಕೋರ್ಟು 2016ರ ಡಿಸೆಂಬರಿನಲ್ಲಿ ನಿಯಮಗಳನ್ನು ಎತ್ತಿಹಿಡಿಯಿತು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟು ತಡೆಯಾಜ್ಞೆ ಕೊಟ್ಟಿತು. 2024ರ ಅಕ್ಟೋಬರಿನಿಂದ ಬೆಂಗಳೂರಿನಲ್ಲಿ ಸ್ವತ್ತಿನ ನೋಂದಣಿಗೆ ಇ-ಖಾತೆ ಕಡ್ಡಾಯವಾಯಿತು. 2025ರಲ್ಲಿ ಪಾಲಿಕೆಯೊಂದು ಹೋಗಿ ಐದು ಪಾಲಿಕೆಗಳಾದವು. ಅದೇ ವರ್ಷ, ಶುಲ್ಕವನ್ನು ಪಡೆದು ಬಿ ಖಾತೆಯ ನಿವೇಶನಗಳನ್ನು ಎ ಖಾತೆಗೆ ಸೇರಿಸುವ ಯೋಜನೆಯನ್ನು ಸರ್ಕಾರ ಹೊರಡಿಸಿತು. ಒಬ್ಬ ಗೃಹಸ್ಥನು ನಿವೇಶನ ಕೊಂಡಾಗ ಹುಟ್ಟಿದ ಮಗು ಕೆಲಸಕ್ಕೆ ಸೇರುವಷ್ಟರಲ್ಲಿ ಇಷ್ಟೆಲ್ಲ ನಡೆಯಿತು.

ಕನಕಪುರ ರಸ್ತೆಯ ಇಕ್ಕೆಲದಲ್ಲಿ ಎದ್ದಿರುವ ಎತ್ತರದ ವಸತಿ ಸಮುಚ್ಚಯಗಳ ಕಥೆ ಬೇರೆ. ಅಲ್ಲಿ ಬೀದಿ ನೇರ, ಕೈತೋಟ ಹಸಿರು. ಅಲ್ಲಿಯವರ ಅಳಲು ಕಟ್ಟುವವನು ಹೇಳಿದ ದಿನಕ್ಕೆ ಮನೆ ಕೊಡದಿರುವುದು. ಅವರಿಗಾಗಿ 2016ರ ರಿಯಲ್ ಎಸ್ಟೇಟ್ ಕಾಯಿದೆ ಬಂದು, ಕರ್ನಾಟಕದಲ್ಲಿ 2017ರ ಜುಲೈನಲ್ಲಿ ಅದರ ನಿಯಮಗಳು ಜಾರಿಯಾದವು. ಕೊಳ್ಳುವವರಿಂದ ಬಂದ ಹಣದಲ್ಲಿ ನೂರಕ್ಕೆ 70ನ್ನು ಬೇರೆ ಖಾತೆಯಲ್ಲಿಟ್ಟು ಆ ಕಟ್ಟಡಕ್ಕೇ ಬಳಸಬೇಕು. ಕರಾರನ್ನು ನೋಂದಾಯಿಸದೆ ಬೆಲೆಯ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಮುಂಗಡ ಪಡೆಯಬಾರದು. ತಡವಾದರೆ ತಿಂಗಳು ತಿಂಗಳಿಗೂ ಬಡ್ಡಿ ತೆರಬೇಕು, ಇಲ್ಲವೆ ಹಣವನ್ನು ಬಡ್ಡಿಯೊಡನೆ ಹಿಂತಿರುಗಿಸಬೇಕು. ಕಾಯಿದೆ ಸೊಗಸಾಗಿದೆ. ಆದರೆ ಪ್ರಾಧಿಕಾರವು ಕೊಟ್ಟ ಆಜ್ಞೆಯಂತೆ ಹಣವನ್ನು ವಸೂಲು ಮಾಡತಕ್ಕವರು ಕಂದಾಯ ಇಲಾಖೆಯವರು. ಭೂಕಂದಾಯದ ಬಾಕಿಯಂತೆ ಅದನ್ನು ಎತ್ತಬೇಕು. ತಹಶೀಲ್ದಾರರ ಮೇಜಿನ ಮೇಲೆ ಆ ಕಾಗದ ಎಷ್ಟು ದಿನ ಮಲಗುತ್ತದೆ ಎಂಬುದರ ಮೇಲೆ ಗೆದ್ದವನ ಗೆಲುವು ನಿಂತಿದೆ.

ತಲಘಟ್ಟಪುರವನ್ನು ದಾಟಿ ಗಾಡಿ ಕೊನೆಯ ನಿಲ್ದಾಣಕ್ಕೆ ಬರುತ್ತದೆ. ಹಿಪ್ಪುನೇರಳೆಯನ್ನೂ ರೇಷ್ಮೆಹುಳುವನ್ನೂ ಕುರಿತು ಸಂಶೋಧನೆ ನಡೆಸುವ ಸಂಸ್ಥೆಯಿಂದ ಈ ನಿಲ್ದಾಣಕ್ಕೆ ಹೆಸರು. ಇಂಥ ಹೊರವಲಯದ ಬೀದಿಗಳಲ್ಲಿ ನಡೆಯುವವನ ಕಣ್ಣಿಗೆ ಕೆಲವೊಮ್ಮೆ ಬಾಗಿಲಿಗೆ ಅಂಟಿಸಿದ ಕಾಗದವೊಂದು ಬೀಳುತ್ತದೆ. ಮೇಲೆ ಬ್ಯಾಂಕಿನ ಹೆಸರು, ಕೆಳಗೆ ಸ್ವಾಧೀನ ಸೂಚನೆ ಎಂಬ ತಲೆಬರಹ. ಅದೇ ಸೂಚನೆ ಎರಡು ವೃತ್ತಪತ್ರಿಕೆಗಳಲ್ಲಿ, ಒಂದರಲ್ಲಾದರೂ ಸ್ಥಳದ ಭಾಷೆಯಲ್ಲಿ, ಅಚ್ಚಾಗಬೇಕೆಂಬ ನಿಯಮವುಂಟು. ಆದುದರಿಂದ ಬೆಳಗಿನ ಕಾಫಿಯ ಹೊತ್ತಿಗೆ ನೆಂಟರಿಷ್ಟರೆಲ್ಲರೂ ಅದನ್ನು ಓದಿರುತ್ತಾರೆ. ಮನೆಯವರು ಬಾಗಿಲು ತೆರೆಯುವುದಿಲ್ಲ. ನಾಚಿಕೆಯು ಇಲ್ಲಿ ಸಾಲಕ್ಕಿಂತ ಹೆಚ್ಚು ಕೇಡನ್ನು ಮಾಡುತ್ತದೆ. ಏಕೆಂದರೆ ಕಾನೂನಿನ ಗಡಿಯಾರ ಯಾರ ನಾಚಿಕೆಗೂ ನಿಲ್ಲದು.

ಆ ಗಡಿಯಾರವನ್ನು ಓದಲು ಬರುವವರು ಬಹಳ ಮಂದಿಯಿಲ್ಲ. 2002ರ ಸರ್ಫೇಸಿ ಕಾಯಿದೆಯು ನ್ಯಾಯಾಲಯಕ್ಕೆ ಹೋಗದೆಯೇ ಒತ್ತೆಯ ಸ್ವತ್ತನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ಬ್ಯಾಂಕುಗಳಿಗೆ ಕೊಟ್ಟಿತು. ಅನೇಕ ಗೃಹಸಾಲದ ಕಂಪನಿಗಳಿಗೂ ಆ ಅಧಿಕಾರವುಂಟು. ಕಂತು 90 ದಿನಗಳಿಗೆ ಮೀರಿ ಬಾಕಿಯಾದರೆ ಸಾಲವು ಕೆಟ್ಟ ಸಾಲಗಳ ಪಟ್ಟಿಗೆ ಸೇರುತ್ತದೆ. ಬಳಿಕ 60 ದಿನಗಳ ನೋಟೀಸು. ಈ 60 ದಿನಗಳೇ ಚಿನ್ನದಂಥವು. ಬಹುಮಂದಿ ಅವನ್ನು ನೋಟೀಸನ್ನು ಬೀರುವಿನಲ್ಲಿ ಬಚ್ಚಿಟ್ಟು ಕಳೆಯುತ್ತಾರೆ. ಆ ಅವಧಿಯಲ್ಲಿ ಸಾಲಗಾರನು ಲೆಕ್ಕ ತಪ್ಪಿದೆಯೆಂದೋ, ಕಾಯಿಲೆ ಕೆಲಸನಷ್ಟಗಳಿಂದ ಹೀಗಾಯಿತು, ಕಂತನ್ನು ಬದಲಿಸಿ ಕೊಡಿರೆಂದೋ ಬರೆದು ಕೊಟ್ಟರೆ, ಬ್ಯಾಂಕು 15 ದಿನಗಳಲ್ಲಿ ಕಾರಣಸಹಿತವಾಗಿ ಉತ್ತರಿಸಲೇಬೇಕು. ಬಾಯಲ್ಲಿ ಹೇಳಿದುದಕ್ಕೆ ಬೆಲೆಯಿಲ್ಲ. ಕಾಗದಕ್ಕೆ, ಅದನ್ನು ಪಡೆದರೆಂಬ ಮೊಹರಿಗೆ ಬೆಲೆಯುಂಟು. ಬಾಗಿಲಿಗೆ ಕಾಗದ ಬಿದ್ದ ಮೇಲೂ ದಾರಿ ಮುಚ್ಚುವುದಿಲ್ಲ. 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಾಧಿಕರಣಕ್ಕೆ ಅರ್ಜಿ ಹಾಕಬಹುದು. ಅಸಲು ಬಡ್ಡಿ ಸೇರಿ ಉಳಿದ ಬಾಕಿ ಐದನೆಯ ಒಂದು ಭಾಗಕ್ಕಿಂತ ಕಡಮೆಯಾಗಿದ್ದರೆ ಈ ಕಾಯಿದೆಯಂತೆ ಮನೆಯನ್ನು ಮುಟ್ಟುವಂತಿಲ್ಲ. ವ್ಯವಸಾಯದ ಭೂಮಿಗೂ ಇದು ತಗಲದು.

ಹಳೆಯ ಕಾಲದ ಗೃಹಸ್ಥನಿಗೆ ಒಂದು ಧೈರ್ಯವಿತ್ತು. 1882ರ ಸ್ವತ್ತು ವರ್ಗಾವಣೆ ಕಾಯಿದೆಯಂತೆ, ಸಾಲ ತೀರಿಸಿ ಒತ್ತೆಯನ್ನು ಬಿಡಿಸಿಕೊಳ್ಳುವ ಹಕ್ಕು ಮಾರಾಟ ಮುಗಿಯುವವರೆಗೂ ಉಳಿಯುತ್ತಿತ್ತು. ಸರ್ಫೇಸಿ ಕಾಯಿದೆಗೆ 2016ರಲ್ಲಿ ಮಾಡಿದ ತಿದ್ದುಪಡಿಯು ಆ ಕಾಲವನ್ನು ಮೊಟಕುಗೊಳಿಸಿತು. ಹರಾಜಿನ ಪ್ರಕಟಣೆ ಹೊರಡುವ ಮೊದಲು ಪೂರ್ತಿ ಬಾಕಿಯನ್ನು ತಂದು ಸುರಿದರೆ ಮನೆ ಉಳಿಯುತ್ತದೆ. ಪ್ರಕಟಣೆ ಹೊರಟ ಮಾರನೆಯ ದಿನ ಅದೇ ಹಣವನ್ನು ತಂದರೂ ಹಕ್ಕೆಂದು ಕೇಳುವಂತಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಖಚಿತಪಡಿಸಿತು. ಊರಿನ ಜಮೀನು ಮಾರಿ, ಅಳಿಯನಿಂದ ಕೈಸಾಲ ಪಡೆದು, ಹರಾಜಿನ ಹಿಂದಿನ ದಿನ ಬ್ಯಾಂಕಿಗೆ ಓಡುವ ತಂದೆಗೆ ಈ ಒಂದು ದಿನಾಂಕ ತಿಳಿದಿಲ್ಲದಿದ್ದರೆ, ಅವನ ಓಟವೆಲ್ಲ ವ್ಯರ್ಥ. ಉಳಿಸಿಕೊಳ್ಳಲಾಗದೆಂದು ಗೊತ್ತಾದವನು ಮೊದಲೇ ಬ್ಯಾಂಕಿನ ಒಪ್ಪಿಗೆ ಪಡೆದು ತಾನೇ ಕೊಳ್ಳುವವರನ್ನು ಹುಡುಕುವುದು ಮೇಲು. ಹರಾಜಿನಲ್ಲಿ ಬಿ ಖಾತೆಯ ಮನೆಗೆ ಬರುವ ಬೆಲೆಯನ್ನು ಕೇಳಬಾರದು. ಹರಾಜೇ ಆದರೂ, ಸಾಲವೂ ಖರ್ಚೂ ಕಳೆದು ಉಳಿದ ಹಣ ಮನೆಯವನಿಗೆ ಸೇರತಕ್ಕದ್ದು. ಅದನ್ನು ಕೇಳದೆ ಬಿಟ್ಟವರೂ ಇದ್ದಾರೆ.

ಭೋಗ್ಯಕ್ಕೆ ಇರುವವರ ಮಾತನ್ನು ಇಲ್ಲಿಯೇ ಹೇಳಬೇಕು. ಕೆಲವು ಲಕ್ಷಗಳನ್ನು ಒಟ್ಟಾಗಿ ಕೊಟ್ಟು ಬಾಡಿಗೆಯಿಲ್ಲದೆ ವಾಸಮಾಡಿ, ಅವಧಿ ಮುಗಿದಾಗ ಹಣವನ್ನು ಹಿಂದಕ್ಕೆ ಪಡೆಯುವ ಈ ಪದ್ಧತಿ ಬೆಂಗಳೂರಿನ ಸಣ್ಣ ಸಂಸಾರಗಳಿಗೆ ಬಹು ಪ್ರಿಯ. ಒಂದು ವರ್ಷಕ್ಕೆ ಮೀರಿದ ಕರಾರನ್ನು ನೋಂದಾಯಿಸಬೇಕೆಂಬುದು ಕಾಯಿದೆ; ಖರ್ಚಿಗೆ ಹೆದರಿ ಸಾದಾ ಛಾಪಾ ಕಾಗದದಲ್ಲಿ ಬರೆಯುವುದು ರೂಢಿ. ಮನೆ ಮೊದಲೇ ಬ್ಯಾಂಕಿಗೆ ಒತ್ತೆಯಾಗಿದ್ದರೆ, ಒಡೆಯನು ಕಂತು ಕಟ್ಟದೆ ಹೋದ ದಿನ ಬೀದಿಗೆ ಬರುವವನು ಮೊದಲು ಭೋಗ್ಯದವನು. ಭೋಗ್ಯಕ್ಕೆ ಮುಂಚೆ ಋಣಭಾರ ಪತ್ರ ನೋಡಬೇಕೆಂಬ ಎಚ್ಚರ ಕೊಳ್ಳುವವನಿಗೆ ಇರುವಷ್ಟು ಭೋಗ್ಯದವನಿಗಿಲ್ಲ.

ಸಂಕಟದಲ್ಲಿರುವವನ ಬಾಗಿಲಿಗೆ ಬರುವವರಲ್ಲಿ ವಸೂಲಿಯವರು ಮೊದಲಿಗರು. ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಅವರು ಫೋನು ಮಾಡಿ ಪೀಡಿಸಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಆಜ್ಞೆ ಮಾಡಿತು. ಬಡ್ಡಿಯ ದರ ಏರಿದಾಗ ಸಾಲಗಾರನನ್ನು ಕೇಳದೆಯೇ ಕಂತುಗಳ ಕಾಲವನ್ನು ಹಿಗ್ಗಿಸಿ, ಎಪ್ಪತ್ತನೆಯ ವಯಸ್ಸಿನವರೆಗೂ ಕಟ್ಟುವಂತೆ ಮಾಡಿದ ದೂರುಗಳು ಬಂದ ಮೇಲೆ, ಕಂತು ಹೆಚ್ಚಬೇಕೋ ಕಾಲ ಹೆಚ್ಚಬೇಕೋ ಎಂಬ ಆಯ್ಕೆಯನ್ನು ಸಾಲಗಾರನಿಗೇ ಬಿಡತಕ್ಕದ್ದೆಂದು 2023ರ ಆಗಸ್ಟಿನಲ್ಲಿ ಹೇಳಿತು. ಬ್ಯಾಂಕಿಗೆ ದೂರು ಕೊಟ್ಟು 30 ದಿನಗಳಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ಬರೆಯಬಹುದು. ಅದಕ್ಕೆ ಕಾಸಿನ ಖರ್ಚಿಲ್ಲ.

ವಕೀಲರ ಶುಲ್ಕಕ್ಕೆ ಹೆದರುವವರು ತಿಳಿಯಬೇಕಾದ ಇನ್ನೊಂದು ವಿಳಾಸ ಊರ ನಡುವೆಯೇ ಇದೆ. ಸಿದ್ದಯ್ಯ ರಸ್ತೆಯ ನ್ಯಾಯದೇಗುಲವೆಂಬ ಕಟ್ಟಡದಲ್ಲಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಕಛೇರಿಯುಂಟು. 1987ರ ಕಾಯಿದೆಯಂತೆ ಪರಿಶಿಷ್ಟ ಜಾತಿ ಪಂಗಡಗಳವರಿಗೂ, ಅಂಗವಿಕಲರಿಗೂ, ಕೈಗಾರಿಕೆಯ ಕೆಲಸಗಾರರಿಗೂ, ಕಡಮೆ ವರಮಾನದವರಿಗೂ ಅಲ್ಲಿ ವಕೀಲರ ನೆರವು ಉಚಿತ. ಹೆಂಗಸರಿಗೆ ವರಮಾನ ಎಷ್ಟಿದ್ದರೂ ಉಚಿತ. ಮನೆಯ ಸಾಲದ ಕಾಗದಗಳಿಗೆ ಗಂಡಹೆಂಡಿರಿಬ್ಬರೂ ರುಜು ಹಾಕಿರುವ ಸಂಸಾರಗಳಲ್ಲಿ ಈ ಒಂದು ವಾಕ್ಯದ ಬೆಲೆ ಸಣ್ಣದಲ್ಲ. ಲೋಕ ಅದಾಲತ್ತಿನಲ್ಲಿ ಬ್ಯಾಂಕೂ ಸಾಲಗಾರನೂ ಎದುರುಬದುರು ಕುಳಿತು ಒಪ್ಪಿದರೆ ಅದು ನ್ಯಾಯಾಲಯದ ಡಿಕ್ರಿಗೆ ಸಮ. ಅದರ ಮೇಲೆ ಅಪೀಲಿಲ್ಲ. 15100 ಎಂಬ ಸಂಖ್ಯೆಗೆ ಫೋನು ಮಾಡಿಯೂ ನೆರವನ್ನು ಕೇಳಬಹುದು.

ಕಂತುಗಳೆಲ್ಲ ತೀರಿದ ಮೇಲೂ ಮೂಲಪತ್ರವನ್ನು ಕೊಡದೆ ಅಲೆಸುವ ಬ್ಯಾಂಕುಗಳ ವಿಷಯದಲ್ಲಿ ಕೂಡ ಒಂದು ನಿಯಮ ಬಂದಿದೆ. 2023ರ ಡಿಸೆಂಬರಿನಿಂದ, ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಪತ್ರಗಳನ್ನು ಹಿಂತಿರುಗಿಸಬೇಕು. ತನ್ನ ತಪ್ಪಿನಿಂದ ತಡಮಾಡಿದ ಬ್ಯಾಂಕು ದಿನವೊಂದಕ್ಕೆ 5,000 ರೂಪಾಯಿ ತೆರಬೇಕು.

ಬೆಳಗಿನ ಒಂಬತ್ತರ ಹೊತ್ತಿಗೆ ರೇಷ್ಮೆ ಸಂಸ್ಥೆಯಿಂದ ಊರೊಳಕ್ಕೆ ಹೊರಡುವ ಗಾಡಿಯಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಕಾಲೇಜಿನ ಹುಡುಗರು, ಕಂಪನಿಯ ಗುರುತಿನ ಚೀಟಿ ತೂಗಿಸಿಕೊಂಡವರು, ಮಲ್ಲಿಗೆ ಮುಡಿದ ಉಪಾಧ್ಯಾಯಿನಿಯರು. ಅವರ ನಡುವೆ ಮೂಲೆಯ ಆಸನದಲ್ಲಿ, ಒಗೆದು ಮಡಿಸಿದ ಅಂಗಿಯ ಹಿರಿಯರೊಬ್ಬರು ಮತ್ತು ಅವರ ಹೆಂಡತಿ ಕುಳಿತಿರುವುದು ಅಪರೂಪವಲ್ಲ. ಹಿರಿಯರ ತೊಡೆಯ ಮೇಲೆ ಪ್ಲಾಸ್ಟಿಕ್ಕಿನ ಚೀಲ. ಚೀಲದೊಳಗೆ ದಾರ ಕಟ್ಟಿದ ಕಾಗದಗಳು. ಕೋಣನಕುಂಟೆಯಲ್ಲಿ ಜನ ನುಗ್ಗಿದಾಗ ಅವರು ಅದನ್ನು ಎದೆಗೆ ಒತ್ತಿಕೊಳ್ಳುತ್ತಾರೆ. ಜಯನಗರ ಬಂದಾಗ ಹೆಂಡತಿ ಕಿಟಕಿಯ ಹೊರಗಿನ ನೇರವಾದ ಬೀದಿಗಳನ್ನು ನೋಡುತ್ತಾರೆ. "ಋಣಭಾರದ್ದು ತಂದಿದ್ದೀರಿ ತಾನೆ?" ಎಂದು ಕೇಳುತ್ತಾರೆ. ಅವರು ಚೀಲವನ್ನು ಬಿಚ್ಚಿ, ಮೊದಲಿನಿಂದ ಒಂದೊಂದೇ ಹಾಳೆಯನ್ನು ಮತ್ತೆ ಎಣಿಸತೊಡಗುತ್ತಾರೆ. ಅಷ್ಟರಲ್ಲಿ ಗಾಡಿ ನ್ಯಾಷನಲ್ ಕಾಲೇಜನ್ನು ಬಿಟ್ಟು ಪೇಟೆಯ ಕೆಳಗಿನ ಕತ್ತಲೆಗೆ ಇಳಿಯುತ್ತದೆ.